ಪಕ್ಕದ ಹೊಲದ ಸ್ವಿಚ್ಚು, ನಮ್ಮ ಹೊಲದ ಒಂಬತ್ತು ವೋಲ್ಟು

ಗುಂಡ್ಲುಪೇಟೆ ಸೀಮೆಯ ಭೀಮನಬೀಡಿನ ಸುತ್ತಮುತ್ತ ಬೋರ್‌ವೆಲ್ ಮೋಟರು ಇಟ್ಟುಕೊಂಡವರಿಗೆ ಇದು ಹೊಸದಲ್ಲ. ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಹೊರಟ ಲೈನು ಮೊದಲು ಒಬ್ಬರ ಅರಿಸಿನದ ಹೊಲ ಮುಟ್ಟುತ್ತದೆ, ಅಲ್ಲಿಂದ ಕಂಬ ಕಂಬ ದಾಟಿ ಇನ್ನೊಬ್ಬರ ಚೆಂಡುಹೂವಿನ ಹೊಲಕ್ಕೆ ಹೋಗುತ್ತದೆ. ಅರಿಸಿನದವರು ಮೋಟರು ಆಫ್ ಮಾಡಿದರು ಅನ್ನಿ. ಅದೇ ಗಳಿಗೆಯಲ್ಲಿ ಚೆಂಡುಹೂವಿನವರ ಸ್ಟಾರ್ಟರ್ ಡಬ್ಬಿಯಲ್ಲಿ ವೋಲ್ಟ್‌ಮೀಟರಿನ ಮುಳ್ಳು ಮೇಲಕ್ಕೆ ಜಿಗಿಯುತ್ತದೆ, ಮೋಟರಿನ ಸದ್ದು ಗಟ್ಟಿಯಾಗುತ್ತದೆ. ಅವರ ತಂತಿಯನ್ನು ಯಾರೂ ಮುಟ್ಟಿಲ್ಲ. ಟಿಸಿಯ ಹತ್ತಿರ ಯಾರೂ ಹೋಗಿಲ್ಲ. 'ಆಚೆಯವರು ನಿಲ್ಸುದ್ರು, ಈಗ ಎಳೀತದೆ ಕಣಣ್ಣ' ಎಂಬ ಮಾತು ಇಲ್ಲಿ ದಿನನಿತ್ಯದ್ದು.

ಈಗ ಬೆರಗಿನ ಸಂಗತಿ ಕೇಳಿ. ಆ ಮುಳ್ಳು ಎಷ್ಟು ಜಿಗಿಯುತ್ತದೆ ಎಂಬುದನ್ನು ಹೊಲಕ್ಕೆ ಹೋಗದೆ, ಮೀಟರು ಕೈಯಲ್ಲಿ ಹಿಡಿಯದೆ, ಕಾಗದದ ಮೇಲೆ ಎರಡೇ ಸಾಲು ಬರೆದು ಹೇಳಿಬಿಡಬಹುದು! ಒಂದು ಸಾಲು ಅರಿಸಿನದ ಹೊಲಕ್ಕೆ, ಒಂದು ಸಾಲು ಚೆಂಡುಹೂವಿನ ಹೊಲಕ್ಕೆ. ಆ ಸಾಲು ಬರೆಯುವ ವಿದ್ಯೆಯನ್ನು ಜಗತ್ತಿಗೆ ಕೊಟ್ಟವನಿಗೆ ಆಗ ವಯಸ್ಸು 21. ಅವನು ಕೊಟ್ಟ ವರ್ಷ 1845. ಆಗ ಜಗತ್ತಿನ ಯಾವ ಊರಿನಲ್ಲೂ ಕರೆಂಟಿನ ಕಂಬದ ಸಾಲು ಇರಲಿಲ್ಲ, ವಿದ್ಯುತ್ ಪಂಪ್‌ಸೆಟ್ ಇರಲಿಲ್ಲ, ಮನೆ ಬೆಳಗುವ ಬಲ್ಬು ಸಹ ಇರಲಿಲ್ಲ.

ಗುಸ್ಟಾವ್ ರಾಬರ್ಟ್ ಕಿರ್ಚಾಫ್ ಹುಟ್ಟಿದ್ದು 1824ರ ಮಾರ್ಚ್ 12ರಂದು, ಪ್ರಷ್ಯದ ಕೋನಿಗ್ಸ್‌ಬರ್ಗ್‌ನಲ್ಲಿ. ಆ ಊರು ಈಗ ರಷ್ಯಾಕ್ಕೆ ಸೇರಿದ ಕಲಿನಿನ್‌ಗ್ರಾಡ್. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಫ್ರಾಂಟ್ಸ್ ನಾಯ್ಮನ್ ಎಂಬ ಗುರುವಿನ ಕೈಕೆಳಗೆ ಓದುತ್ತಿದ್ದಾಗಲೇ, ಲೋಹದ ದುಂಡು ತಗಡಿನಲ್ಲಿ ಕರೆಂಟು ಹೇಗೆ ಹರಡಿಕೊಳ್ಳುತ್ತದೆ ಎಂದು ಒಂದು ಲೇಖನ ಬರೆದ. ಅವನ ಎರಡು ನಿಯಮಗಳು ಬೆಳಕು ಕಂಡದ್ದು ಆ ಲೇಖನದಲ್ಲಿ. ಮುಂದೆ ಇದೇ ಕಿರ್ಚಾಫ್ ಹೈಡಲ್‌ಬರ್ಗ್‌ನಲ್ಲಿ ರಸಾಯನಶಾಸ್ತ್ರಜ್ಞ ಬುನ್ಸೆನ್ ಜೊತೆಗೂಡಿ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಸೀಸಿಯಂ, ರುಬಿಡಿಯಂ ಎಂಬ ಎರಡು ಹೊಸ ಧಾತುಗಳನ್ನು ಕಂಡುಹಿಡಿದ, ಸೂರ್ಯನಲ್ಲಿ ಏನೇನಿದೆ ಎಂದು ಭೂಮಿಯ ಮೇಲೆ ಕೂತೇ ಹೇಳುವ ದಾರಿ ತೋರಿಸಿದ. ಅಷ್ಟೆಲ್ಲ ಸಾಧಿಸಿದರೂ ನನ್ನ ಮಟ್ಟಿಗೆ ಅವನ ದೊಡ್ಡ ಕೊಡುಗೆ ವಿದ್ಯಾರ್ಥಿಯಾಗಿದ್ದಾಗ ಬರೆದ ಆ ಎರಡು ನಿಯಮಗಳೇ.

ಮೊದಲನೆಯದು ಕೂಡುಗಂಟಿನ ನಿಯಮ. ತಂತಿಗಳು ಸೇರುವ ಯಾವುದೇ ಗಂಟಿಗೆ ಬಂದ ಕರೆಂಟಿನ ಮೊತ್ತವೂ ಅಲ್ಲಿಂದ ಹೋದ ಕರೆಂಟಿನ ಮೊತ್ತವೂ ಒಂದೇ. ಎರಡನೆಯದು ವೋಲ್ಟೇಜಿನ ನಿಯಮ. ವಿದ್ಯುತ್ ಮಂಡಲದಲ್ಲಿ ಯಾವ ಸುತ್ತನ್ನು ಬೇಕಾದರೂ ಹಿಡಿದು, ಹೊರಟ ಜಾಗಕ್ಕೇ ಬಂದು ನಿಂತರೆ, ದಾರಿಯುದ್ದಕ್ಕೂ ಏರಿದ ವೋಲ್ಟು ಮತ್ತು ಇಳಿದ ವೋಲ್ಟು ಸರಿಸಮ. ಕೂಡಿದರೆ ಸೊನ್ನೆ.

ಇದನ್ನು ಗುಂಡ್ಲುಪೇಟೆ ಸೀಮೆಯವರಿಗೆ ವಿವರಿಸಲು ಹಿಮವದ್ ಗೋಪಾಲಸ್ವಾಮಿ ಬೆಟ್ಟ ಸಾಕು. ಬೆಟ್ಟದ ತುದಿ ಸಮುದ್ರಮಟ್ಟದಿಂದ 1454 ಮೀಟರ್ ಎತ್ತರ. ಬುಡದಿಂದ ಹೊರಟು, ಬಸ್ಸಿನ ದಾರಿಯಲ್ಲಿ ಹತ್ತಿ, ಇನ್ನಾವುದೋ ಇಳಿಜಾರಿನಲ್ಲಿ ಇಳಿದು, ಮತ್ತೆ ಅದೇ ಬುಡಕ್ಕೆ ಬಂದರೆ ಏರಿದ್ದೆಷ್ಟೋ ಇಳಿದದ್ದೂ ಅಷ್ಟೇ. ದಾರಿ ಎಷ್ಟೇ ವಕ್ರವಾಗಿರಲಿ, ನಡುವೆ ಎಷ್ಟೇ ಸಲ ಏರಿ ಇಳಿದಿರಲಿ, ಲೆಕ್ಕ ಸೊನ್ನೆಗೇ ಬರಬೇಕು. ಮಂಡಲದಲ್ಲಿ ಬ್ಯಾಟರಿ ಅಥವಾ ಟಿಸಿ ಏರು, ತಂತಿಯೂ ಮೋಟರೂ ಕರೆಂಟಿಗೆ ಒಡ್ಡುವ ತಡೆ, ಅಂದರೆ ರೋಧ, ಇಳಿಜಾರು. ಒಂದು ರೋಧದಲ್ಲಿ ಎಷ್ಟು ಇಳಿಯುತ್ತದೆ ಎಂಬುದನ್ನು ಓಮ್ ಎಂಬ ಜರ್ಮನ್ ಮೇಷ್ಟರು 1827ರಲ್ಲೇ ಹೇಳಿಟ್ಟಿದ್ದರು. ಅದು ಕರೆಂಟು ಮತ್ತು ರೋಧದ ಗುಣಲಬ್ಧ. 10 ಆಂಪಿಯರ್ ಕರೆಂಟು 1 ಓಂ ತಂತಿ ದಾಟಿದರೆ 10 ವೋಲ್ಟ್ ಇಳಿಯಿತು.

ಇಷ್ಟು ತಿಳಿದರೆ ಹೊಲಕ್ಕೆ ಇಳಿಯಬಹುದು.

ಹಳ್ಳಿಯ ಲೈನಿನಲ್ಲಿ ಬಳಸುವ ಅಲ್ಯೂಮಿನಿಯಂ ತಂತಿಗಳಲ್ಲಿ ವೀಸಲ್ ಎಂಬ ಹೆಸರಿನದೊಂದಿದೆ. ಅದರ ರೋಧ ಕಿಲೋಮೀಟರಿಗೆ ಸುಮಾರು 0.9 ಓಂ. ಟಿಸಿಯಿಂದ ಅರಿಸಿನದ ಹೊಲ ಸುಮಾರು 550 ಮೀಟರ್ ದೂರ ಎಂದುಕೊಳ್ಳಿ. ಕರೆಂಟು ಒಂದು ತಂತಿಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳಬೇಕು, ಆದ್ದರಿಂದ ಹೋಗಿಬರುವ ದಾರಿಯ ರೋಧ ಹೆಚ್ಚುಕಡಿಮೆ 1 ಓಂ. ಅಲ್ಲಿಂದ ಚೆಂಡುಹೂವಿನ ಹೊಲಕ್ಕೆ ಮತ್ತೆ ಅಷ್ಟೇ ದೂರ, ಮತ್ತೆ 1 ಓಂ. ಅರಿಸಿನದ ಹೊಲದ ಮೋಟರಿನ ರೋಧ 20 ಓಂ, ಚೆಂಡುಹೂವಿನದು 19 ಓಂ ಇರಲಿ. ಟಿಸಿಯ ಬಾಯಲ್ಲಿ 220 ವೋಲ್ಟ್. ನಿಜದ ಮೋಟರು ಬರೀ ರೋಧವಲ್ಲ, ಹೊಲದ ಲೈನು ಬಹುಪಾಲು ತ್ರೀ ಫೇಸಿನದು. ಆದರೆ ಒಂದು ಫೇಸನ್ನು ಹಿಡಿದು ಸರಳವಾಗಿ ನೋಡಿದರೂ ನಾಟಕದ ಎಲ್ಲ ಪಾತ್ರಗಳೂ ಕಣ್ಣಿಗೆ ಬೀಳುತ್ತವೆ.

ಇಲ್ಲಿ ಎರಡು ಸುತ್ತುಗಳಿವೆ. ಟಿಸಿಯಿಂದ ಹೊರಟು ಅರಿಸಿನದ ಮೋಟರು ಹಾದು ಟಿಸಿಗೆ ಮರಳುವುದು ಒಂದು. ಅರಿಸಿನದ ಮೋಟರಿನ ಎರಡು ತುದಿಗಳಿಂದ ಹೊರಟು ಚೆಂಡುಹೂವಿನ ಮೋಟರು ಹಾದು ಮರಳುವುದು ಇನ್ನೊಂದು. ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಈ ಕೆಲಸಕ್ಕೊಂದು ಸೊಗಸಾದ ಉಪಾಯ ಹೇಳಿಕೊಟ್ಟ. ಒಂದೊಂದು ಸುತ್ತಿಗೂ ಅದರದೇ ಆದ ಒಂದು ಕರೆಂಟು ಸುತ್ತುತ್ತಿದೆ ಎಂದು ಭಾವಿಸು. ಎರಡು ಸುತ್ತುಗಳು ಹಂಚಿಕೊಂಡ ಕಡೆ ಅವುಗಳ ವ್ಯತ್ಯಾಸವೇ ನಿಜವಾಗಿ ಹರಿಯುವ ಕರೆಂಟು. ಮೊದಲ ಸುತ್ತಿನ ಕರೆಂಟನ್ನು ಕ ಎನ್ನೋಣ, ಎರಡನೆಯದನ್ನು ಖ. ಅರಿಸಿನದ ಮೋಟರು ಎರಡೂ ಸುತ್ತಿಗೆ ಸೇರಿದ್ದು, ಅದರಲ್ಲಿ ಹರಿಯುವುದು ಕ − ಖ.

ಈಗ ಮೊದಲ ಸುತ್ತು ಹೊರಡೋಣ. 220 ಏರಿದೆವು, ತಂತಿಯಲ್ಲಿ ಇಳಿದೆವು, ಮೋಟರಿನಲ್ಲಿ ಇಳಿದೆವು, ಸೊನ್ನೆಗೆ ಬಂದೆವು:

220 − 1×ಕ − 20×(ಕ − ಖ) = 0

ಎರಡನೆಯ ಸುತ್ತಿನಲ್ಲಿ ಟಿಸಿ ಇಲ್ಲ. ಅಲ್ಲಿ ಅರಿಸಿನದ ಮೋಟರಿನ ತುದಿಗಳ ನಡುವಿನ ವೋಲ್ಟೇಜೇ ಏರು:

20×(ಕ − ಖ) − 1×ಖ − 19×ಖ = 0

ಎರಡನೆಯ ಸಾಲನ್ನು ಬಿಡಿಸಿದರೆ 20ಕ = 40ಖ, ಅಂದರೆ ಕ ಎಂಬುದು ಖದ ಎರಡರಷ್ಟು. ಅದನ್ನು ಮೊದಲ ಸಾಲಿಗೆ ಹಾಕಿದರೆ 220 = 22ಖ. ಖ = 10 ಆಂಪಿಯರ್, ಕ = 20 ಆಂಪಿಯರ್! ಮೊದಲ ತಂತಿಯಲ್ಲಿ 20 ವೋಲ್ಟ್ ಇಳಿಯಿತು, ಅರಿಸಿನದ ಮೋಟರಿಗೆ 200 ಸಿಕ್ಕಿತು. ಎರಡನೆಯ ತಂತಿಯಲ್ಲಿ ಇನ್ನೂ 10 ಇಳಿಯಿತು, ಚೆಂಡುಹೂವಿನ ಮೋಟರಿಗೆ ದಕ್ಕಿದ್ದು 190.

ಇನ್ನು ಅರಿಸಿನದವರು ಸ್ವಿಚ್ಚು ಆರಿಸಲಿ. ಎರಡು ಸುತ್ತು ಹೋಗಿ ಒಂದೇ ದೊಡ್ಡ ಸುತ್ತು ಉಳಿಯಿತು. ಒಟ್ಟು ರೋಧ 1 + 1 + 19 = 21 ಓಂ, ಕರೆಂಟು 220 ಭಾಗಿಸು 21, ಅಂದರೆ ಸುಮಾರು 10.48 ಆಂಪಿಯರ್. ಚೆಂಡುಹೂವಿನ ಮೋಟರಿಗೆ ಈಗ 199 ವೋಲ್ಟ್. ಇಗೋ, ಮೇಲಕ್ಕೆ ಜಿಗಿದ ಒಂಬತ್ತು ವೋಲ್ಟು! ಅದು ಎಲ್ಲಿಂದಲೋ ಬಂದದ್ದಲ್ಲ. ಮೊದಲ 550 ಮೀಟರಿನ ತಂತಿ ಇಬ್ಬರ ಕರೆಂಟನ್ನೂ ಹೊರುತ್ತಿತ್ತು. ಪಕ್ಕದವರ ಪಾಲು ಇಳಿದ ಕೂಡಲೇ ಆ ತಂತಿ ನುಂಗುತ್ತಿದ್ದ ವೋಲ್ಟು ಬಿಡುಗಡೆಯಾಗಿ ಮುಂದಿನವರಿಗೆ ಹೋಯಿತು. ಪಕ್ಕದ ಹೊಲದ ಸ್ವಿಚ್ಚು ನಮ್ಮ ಹೊಲದ ಸಮೀಕರಣದೊಳಗೆ ಕೂತಿದೆ. ಲೈನಿನ ಮೇಲಿರುವ ಒಬ್ಬೊಬ್ಬರ ಬೀರುವಿನ ಹಿಂದೆ, ಕೊಟ್ಟಿಗೆಯ ಗೋಡೆಯ ಮೇಲೆ ಇರುವ ಒಂದೊಂದು ಸ್ವಿಚ್ಚೂ ಉಳಿದೆಲ್ಲರ ಲೆಕ್ಕದಲ್ಲಿ ಹೆಸರು ಬರೆಸಿಕೊಂಡಿದೆ. ದ್ವಿತೀಯ ಪಿಯುಸಿಯಲ್ಲಿ ಇದನ್ನು ಅಂಕ ತರುವ ಲೆಕ್ಕವೆಂದು ಮಾಡಿಸಿ ಮುಗಿಸಿಬಿಡುತ್ತೇವೆ. ಕಿಟಕಿಯಾಚೆ ಕಾಣುವ ಲೈನನ್ನೇ ಬೋರ್ಡಿನ ಮೇಲೆ ಬರೆದು ಹೀಗೆ ಬಿಡಿಸಿದರೆ ಮಕ್ಕಳ ಕಣ್ಣು ಹೇಗೆ ಅರಳೀತು!

ಚುರುಕಾದ ಓದುಗರು ಈ ಹೊತ್ತಿಗೆ ಕೇಳಿರಬೇಕು: ಸುತ್ತು ಎರಡಲ್ಲವಲ್ಲ, ಮೂರು. ಟಿಸಿಯಿಂದ ಹೊರಟು ಅರಿಸಿನದ ಮೋಟರನ್ನು ಮುಟ್ಟದೆ ನೇರ ಚೆಂಡುಹೂವಿನ ಮೋಟರಿಗೆ ಹೋಗಿ ಮರಳುವ ಹೊರಸುತ್ತು ಎಲ್ಲಿ ಹೋಯಿತು? ಅದೂ ಇದೆ, ಅದೂ ನಿಯಮ ಪಾಲಿಸುತ್ತದೆ: 220 − 20 − 10 − 190 = 0. ಆದರೆ ಅದು ಹೊಸದೇನನ್ನೂ ಹೇಳುವುದಿಲ್ಲ. ಮೊದಲಿನ ಎರಡು ಸಾಲನ್ನು ಕೂಡಿದರೆ ಬರುವುದೇ ಆ ಮೂರನೆಯ ಸಾಲು. ಹಾಗಾದರೆ ಕಂಬಗಳ ಕಾಡಿನಂತಹ ದೊಡ್ಡ ಜಾಲದಲ್ಲಿ ನಿಜಕ್ಕೂ ಬೇಕಾದ ಸಾಲುಗಳು ಎಷ್ಟು? ಈ ಪ್ರಶ್ನೆಗೂ ಕಿರ್ಚಾಫನೇ 1847ರಲ್ಲಿ ಉತ್ತರ ಕೊಟ್ಟ. ಕವಲುಗಳನ್ನು ಎಣಿಸು, ಗಂಟುಗಳನ್ನು ಕಳೆ, ಒಂದು ಕೂಡು. ಅಷ್ಟೇ! ನಮ್ಮ ಹೊಲದ ಮಂಡಲದಲ್ಲಿ ಕವಲು 3, ಗಂಟು 2. 3 − 2 + 1 = 2.

ಇಲ್ಲಿ ಚರಿತ್ರೆ ಒಂದು ತಿರುವು ಕೊಟ್ಟಿದೆ, ಅದನ್ನು ಯೋಚಿಸಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಕಿರ್ಚಾಫ್ ಹುಟ್ಟಿ ಬೆಳೆದ ಅದೇ ಕೋನಿಗ್ಸ್‌ಬರ್ಗ್‌ನಲ್ಲಿ ಪ್ರೆಗೆಲ್ ನದಿಗೆ ಏಳು ಸೇತುವೆಗಳಿದ್ದವು. ಯಾವ ಸೇತುವೆಯನ್ನೂ ಎರಡು ಸಲ ದಾಟದೆ ಏಳನ್ನೂ ದಾಟಿ ಬರಲು ಆದೀತೇ ಎಂಬುದು ಊರಿನವರ ಹಳೆಯ ಒಗಟು. ಆಗುವುದಿಲ್ಲ ಎಂದು ಲಿಯೊನಾರ್ಡ್ ಆಯ್ಲರ್ ಸಾಧಿಸಿ ತೋರಿಸಿದ. 1736ರ ಹೆಸರಿನಲ್ಲಿ ನಿಂತಿರುವ ಆ ಲೇಖನದಿಂದ ಜಾಲಗಳ ಗಣಿತವೇ ಹುಟ್ಟಿತು. ದೂರ, ಅಗಲ, ಕೋನ ಯಾವುದೂ ಲೆಕ್ಕಕ್ಕಿಲ್ಲ. ಯಾವುದು ಯಾವುದಕ್ಕೆ ಸೇರಿದೆ ಎಂಬುದಷ್ಟೇ ಮುಖ್ಯ. ನೂರು ವರ್ಷ ಕಳೆದ ಮೇಲೆ ಅದೇ ಸೇತುವೆಗಳ ಊರಿನ ಹುಡುಗ ತಂತಿಗಳ ಜಾಲಕ್ಕೆ ಅದೇ ಬಗೆಯ ಕಣ್ಣಿಟ್ಟ. ಆ ಏಳು ಸೇತುವೆಗಳೂ ತಂತಿಗಳಾಗಿದ್ದರೆ? ನಾಲ್ಕು ನೆಲದ ತುಂಡುಗಳು ನಾಲ್ಕು ಗಂಟುಗಳು. 7 − 4 + 1 = 4. ಕೋನಿಗ್ಸ್‌ಬರ್ಗ್ ಊರನ್ನೇ ಒಂದು ವಿದ್ಯುತ್ ಮಂಡಲವೆಂದು ಬಿಡಿಸಲು ವೋಲ್ಟೇಜಿನ ನಾಲ್ಕು ಸಾಲು ಸಾಕು!

ಈ ನಿಯಮದ ಔದಾರ್ಯ ತೋರುವುದು ಮೈನಸ್ ಚಿಹ್ನೆಯಲ್ಲಿ. ಸೋಲಾರ್ ದೀಪದ ಒಂದು ಜೋಡಣೆ ತೆಗೆದುಕೊಳ್ಳಿ. ಹಗಲಿನಲ್ಲಿ ಪ್ಯಾನೆಲಿನ ಕಡೆಯಿಂದ 14 ವೋಲ್ಟ್, ಆ ದಾರಿಯ ರೋಧ ಅರ್ಧ ಓಂ. ಪಕ್ಕದಲ್ಲೇ 12 ವೋಲ್ಟಿನ ಬ್ಯಾಟರಿ, ಅದರ ದಾರಿಯ ರೋಧವೂ ಅರ್ಧ ಓಂ. ಎರಡೂ ಸೇರಿ 6.25 ಓಂ ದೀಪವನ್ನು ಉರಿಸುತ್ತಿವೆ. ಪ್ಯಾನೆಲಿನಿಂದ ಕ, ಬ್ಯಾಟರಿಯಿಂದ ಖ ಕರೆಂಟು ದೀಪದ ಕಡೆಗೆ ಹೊರಟಿದೆ ಎಂದು ಊಹಿಸಿ ಬರೆಯೋಣ:

14 − 0.5ಕ − 6.25×(ಕ + ಖ) = 0

12 − 0.5ಖ − 6.25×(ಕ + ಖ) = 0

ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಕ − ಖ = 4. ಬಿಡಿಸುತ್ತ ಹೋದರೆ ಕ = 3, ಖ = −1. ದೀಪದಲ್ಲಿ ಹರಿಯುವುದು 2 ಆಂಪಿಯರ್, ಅದಕ್ಕೆ ಸಿಕ್ಕಿದ್ದು 12.5 ವೋಲ್ಟ್.

ಮೈನಸ್ ಒಂದು! ಲೆಕ್ಕ ತಪ್ಪಿತೇ ಎಂದು ಗಾಬರಿಯಾಗಿ ಎಷ್ಟೋ ಹುಡುಗರು ಇಲ್ಲೇ ಪೆನ್ಸಿಲ್ ಕೆಳಗಿಡುತ್ತಾರೆ. ತಪ್ಪಿದ್ದು ಲೆಕ್ಕವಲ್ಲ, ನಾವು ಊಹಿಸಿದ ದಿಕ್ಕು. ಬ್ಯಾಟರಿಯಿಂದ ಕರೆಂಟು ಹೊರಡುತ್ತಿಲ್ಲ, ಬ್ಯಾಟರಿಯೊಳಗೆ 1 ಆಂಪಿಯರ್ ಹೋಗುತ್ತಿದೆ. ಅಂದರೆ ಬ್ಯಾಟರಿ ಚಾರ್ಜ್ ಆಗುತ್ತಿದೆ! ಪ್ಯಾನೆಲ್ಲು ಕೊಟ್ಟ 3 ಆಂಪಿಯರಿನಲ್ಲಿ ಎರಡು ದೀಪಕ್ಕೆ, ಒಂದು ಬ್ಯಾಟರಿಗೆ. ಯಾರೂ ಹೇಳದಿದ್ದ ಈ ಸುದ್ದಿಯನ್ನು ಒಂದು ಅಡ್ಡಗೆರೆ ಹೇಳಿತು. ನೀವು ದಿಕ್ಕನ್ನು ಹೇಗಾದರೂ ಊಹಿಸಿ, ಬಾಣವನ್ನು ಎತ್ತ ಬೇಕಾದರೂ ಎಳೆಯಿರಿ. ಸುತ್ತು ಪ್ರಾಮಾಣಿಕವಾಗಿ ಸುತ್ತಿದರೆ ನಿಯಮವೇ ನಿಮ್ಮನ್ನು ತಿದ್ದಿ ಸತ್ಯದ ಕಡೆಗೆ ತಿರುಗಿಸುತ್ತದೆ. ಸಂಜೆಯಾಗಿ ಪ್ಯಾನೆಲ್ಲು ಸುಮ್ಮನಾದಾಗ ಮೊದಲ ಸುತ್ತು ಕಡಿಯುತ್ತದೆ. ಆಗ ಬ್ಯಾಟರಿ ಒಂದೇ ದುಡಿದು 12 ಭಾಗಿಸು 6.75, ಸುಮಾರು 1.78 ಆಂಪಿಯರನ್ನು ದೀಪಕ್ಕೆ ಕೊಡುತ್ತದೆ.

ಬಂಡೀಪುರದ ಕಾಡಂಚಿನ ಊರುಗಳಲ್ಲಿ ಹೊಲದ ಸುತ್ತ ಸೋಲಾರ್ ಬೇಲಿ ಕಾಣದವರಿಲ್ಲ. ಈ ಬೇಲಿ ನನಗೆ ವೋಲ್ಟೇಜ್ ನಿಯಮದ ಅತ್ಯಂತ ರೋಮಾಂಚಕ ಪಾಠ. ಬೇಲಿಯ ತಂತಿಯಲ್ಲಿ ಸೆಕೆಂಡಿಗೊಮ್ಮೆ ಎಂಬಂತೆ ಸಾವಿರಾರು ವೋಲ್ಟಿನ ಕ್ಷಣಮಾತ್ರದ ತುಡಿತ ಓಡುತ್ತದೆ. ಯಂತ್ರದ ಒಂದು ತುದಿ ತಂತಿಗೆ, ಇನ್ನೊಂದು ತುದಿ ನೆಲದಲ್ಲಿ ಹೂತ ಕಬ್ಬಿಣದ ಸರಳಿಗೆ. ಯಾರೂ ಮುಟ್ಟದಿರುವಾಗ ಸುತ್ತು ಪೂರ್ತಿಯಾಗಿಲ್ಲ, ಕರೆಂಟು ಹರಿಯುವುದಿಲ್ಲ. ಆನೆ ಸೊಂಡಿಲು ತಾಗಿಸಿತೋ, ಸುತ್ತು ಮುಚ್ಚಿತು: ತಂತಿ, ಆನೆ, ಮಣ್ಣು, ಸರಳು, ಮತ್ತೆ ಯಂತ್ರ. ಆ ಕ್ಷಣಕ್ಕೆ ಆನೆಯೇ ಮಂಡಲದ ಒಂದು ಭಾಗ!

ಈಗ ಸುತ್ತಿನ ಲೆಕ್ಕ ಹಾಕಿ. ಯಂತ್ರ 8,000 ವೋಲ್ಟ್ ಕೊಡುತ್ತಿದೆ ಎಂದಿಟ್ಟುಕೊಳ್ಳಿ. ಮಳೆ ಬಿದ್ದ ಹಸಿ ಮಣ್ಣಿನ ದಾರಿಯೂ ಆನೆಯ ಮೈಯೂ ತಲಾ 1,000 ಓಂ ಆದರೆ 8,000 ಸಮನಾಗಿ ಹಂಚಿಹೋಗಿ ಆನೆಗೆ 4,000 ಬೀಳುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿ ಅದರ ರೋಧ 7,000 ಓಂಗೆ ಏರಿದರೆ ಮಣ್ಣೇ 7,000 ವೋಲ್ಟ್ ತಿಂದುಬಿಡುತ್ತದೆ, ಆನೆಗೆ ಉಳಿಯುವುದು 1,000. ಬೇಲಿ ಅದೇ, ಬ್ಯಾಟರಿ ಅದೇ, ಕಾವಲು ಮಾತ್ರ ಸಡಿಲ. ನೆಲದ ಸರಳುಗಳನ್ನು ಹೆಚ್ಚಿಸುವುದೂ, ಬೇಲಿಯಲ್ಲೇ ಒಂದು ತಂತಿ ಬಿಟ್ಟು ಒಂದನ್ನು ನೆಲಕ್ಕೆ ಜೋಡಿಸುವುದೂ ಇದಕ್ಕಾಗಿಯೇ. ಮಣ್ಣಿನ ಪಾಲನ್ನು ಕಡಿಮೆ ಮಾಡಿದರೆ ಆನೆಯ ಪಾಲು ತಾನಾಗಿ ಹೆಚ್ಚುತ್ತದೆ, ಏಕೆಂದರೆ ಮೊತ್ತ ಬದಲಾಗುವಂತಿಲ್ಲ. ಅತ್ತ ಆನೆಗಳೂ ಕಲಿತಿವೆ! ಸೊಂಡಿಲನ್ನು ಮೇಲೆತ್ತಿಕೊಂಡು ದಂತದಿಂದ ತಂತಿ ಕಿತ್ತು ದಾಟುವ ಸಲಗಗಳಿವೆ. ದಂತದಲ್ಲಿ ಕರೆಂಟು ಸುಲಭವಾಗಿ ಹರಿಯುವುದಿಲ್ಲ. ಸುತ್ತಿನಲ್ಲಿ ಅಷ್ಟು ದೊಡ್ಡ ರೋಧ ಬಂದು ಕೂತರೆ ವೋಲ್ಟೆಲ್ಲ ಅದರ ಪಾಲಾಗಿ ಮೈಗೆ ಏನೂ ಉಳಿಯುವುದಿಲ್ಲ.

ಹೊಲದ ಕರೆಂಟು ಲೈನಿನ ಮೇಲೆ ಸಾಲಾಗಿ ಕೂರುವ ಗಿಣಿ, ಗೊರವಂಕಗಳ ಗುಟ್ಟೂ ಇದೇ. ಹಕ್ಕಿಯ ಎರಡು ಕಾಲುಗಳ ನಡುವೆ ತಂತಿಯ ಐದು ಸೆಂಟಿಮೀಟರ್. ತಂತಿಯ ಆ ತುಂಡು ಮತ್ತು ಹಕ್ಕಿಯ ಮೈ ಸೇರಿ ಒಂದು ಪುಟ್ಟ ಸುತ್ತು. ವೀಸಲ್ ತಂತಿಯಲ್ಲಿ ಆ ತುಂಡಿನ ರೋಧ 0.000045 ಓಂ, 20 ಆಂಪಿಯರ್ ಹರಿದರೂ ಅಲ್ಲಿ ಇಳಿಯುವುದು 0.0009 ವೋಲ್ಟ್. ಸುತ್ತು ಸೊನ್ನೆಗೆ ಬರಬೇಕಾದ್ದರಿಂದ ಹಕ್ಕಿಯ ಕಾಲಿನಿಂದ ಕಾಲಿಗೂ ಅಷ್ಟೇ, ಒಂದು ವೋಲ್ಟಿನ ಸಾವಿರದಲ್ಲೊಂದು ಭಾಗವೂ ಇಲ್ಲ. ನೆಲಕ್ಕೆ ಹೋಲಿಸಿದರೆ ಇನ್ನೂರು ವೋಲ್ಟಿನ ಮೇಲೆ ಕೂತಿದ್ದರೂ ಅದರ ಪಾಲಿಗೆ ಏನೂ ಇಲ್ಲ.

ಸ್ಟಾರ್ಟರ್ ಗುಂಡಿ ಒತ್ತಿದ ಕೂಡಲೇ ಮನೆಯ ಬಲ್ಬು ಮಂಕಾಗಿ ಮತ್ತೆ ಸರಿಹೋಗುವುದನ್ನು ಎಲ್ಲರೂ ನೋಡಿದ್ದೇವೆ. ನಿಂತ ಮೋಟರು ಹೊರಡುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ತಂತಿಯಲ್ಲಿ ಇಳಿಯುವ ವೋಲ್ಟೂ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. ತಿರುಗಲು ತೊಡಗಿದ ಮೇಲೆ ಅದರೊಳಗೇ ಎದುರು ವೋಲ್ಟೇಜು ಹುಟ್ಟಿ ಲೈನಿನ ವೋಲ್ಟೇಜಿಗೆ ಅಡ್ಡ ನಿಲ್ಲುತ್ತದೆ, ಸುತ್ತಿನ ಲೆಕ್ಕದಲ್ಲಿ ಅದೂ ಒಂದು ಇಳಿಜಾರು. ಆದರೆ ಎಸಿ ಕರೆಂಟಿನಲ್ಲಿ ವೋಲ್ಟುಗಳನ್ನು ಬರೀ ಅಂಕಿಗಳಾಗಿ ಕೂಡಿದರೆ ಸಾಲದು, ಯಾವುದು ಮುಂದೆ ಯಾವುದು ಹಿಂದೆ ಎಂಬ ಹೊಂದಿಕೆಯನ್ನೂ ಸೇರಿಸಿ ಬಾಣಗಳಾಗಿ ಕೂಡಬೇಕು. ಸುತ್ತಿನೊಳಗೆ ಕಾಂತಕ್ಷೇತ್ರ ಏರಿಳಿಯುತ್ತಿದ್ದರೆ 1831ರಲ್ಲಿ ಫ್ಯಾರಡೆ ಕಂಡ ಪ್ರೇರಿತ ವೋಲ್ಟೇಜನ್ನೂ ಲೆಕ್ಕಕ್ಕೆ ತರಬೇಕು. ಇದನ್ನು ಮರೆತವರ ಉತ್ತರ ಎಂದೂ ಸರಿಹೋಗದು. ನೆನಪಿಟ್ಟುಕೊಂಡರೆ ಟಿಸಿಯ ಹೊಟ್ಟೆಯೊಳಗಿನ ಸುರುಳಿಗಳಿಗೂ ಅದೇ ಎರಡು ಸಾಲಿನ ವಿದ್ಯೆ ಸಾಕು.

ಅಂದ ಮೇಲೆ ಲೋ ವೋಲ್ಟೇಜಿಗೆ ಪರಿಹಾರವೂ ಆ ಸಾಲುಗಳಲ್ಲೇ ಇರಬೇಕಲ್ಲ? ಇದೆ! ನಮ್ಮ ಟಿಸಿಯಿಂದ 220 ವೋಲ್ಟಿನಲ್ಲಿ 20 ಆಂಪಿಯರ್ ಹೊರಟಿತ್ತು, ಅಂದರೆ 4,400 ವ್ಯಾಟ್. ಅಷ್ಟೇ ವ್ಯಾಟನ್ನು 11,000 ವೋಲ್ಟಿನಲ್ಲಿ ಕಳಿಸಿದರೆ ಕರೆಂಟು ಬರೀ 0.4 ಆಂಪಿಯರ್. ಅದೇ 1 ಓಂ ತಂತಿಯಲ್ಲಿ ಇಳಿಯುವುದು 0.4 ವೋಲ್ಟ್, ಅದೂ 11,000ದಲ್ಲಿ! ವೋಲ್ಟೇಜ್ ಐವತ್ತು ಪಟ್ಟಾದರೆ ನಷ್ಟದ ಪ್ರಮಾಣ ಎರಡೂವರೆ ಸಾವಿರ ಪಟ್ಟು ಕುಗ್ಗುತ್ತದೆ. ಅದಕ್ಕೇ ದೂರದ ದೊಡ್ಡ ಟಿಸಿಯಿಂದ ಕಡಿಮೆ ವೋಲ್ಟಿನ ಉದ್ದುದ್ದ ಎಲ್‌ಟಿ ಲೈನು ಎಳೆಯುವ ಬದಲು, 11 ಕೆವಿ ಲೈನನ್ನೇ ಹೊಲದ ಹತ್ತಿರ ತಂದು 25 ಕೆವಿಎಯಂತಹ ಪುಟ್ಟ ಟಿಸಿ ಇಡುವುದು.

ಈ ಉಪಾಯದ ಬಲದ ಮೇಲೇ ನಮ್ಮ ನಾಡಿಗೆ ಕರೆಂಟು ಬಂದದ್ದು. ಕಾವೇರಿ ಕವಲೊಡೆದು ಒಂದು ಕಡೆ ಗಗನಚುಕ್ಕಿಯಾಗಿ, ನಮ್ಮ ಚಾಮರಾಜನಗರ ಜಿಲ್ಲೆಯ ಕಡೆ ಭರಚುಕ್ಕಿಯಾಗಿ ಧುಮುಕುವ ಶಿವನಸಮುದ್ರದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ವಿದ್ಯುದಾಗಾರ 1902ರಲ್ಲಿ ಕೆಲಸ ಆರಂಭಿಸಿತು. ಮೊದಲ ಕರೆಂಟು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆಗ ಜಗತ್ತಿನ ಅತಿ ಉದ್ದದ ಲೈನುಗಳ ಸಾಲಿಗೆ ಸೇರಿದ್ದ ಈ ಲೈನಿನಲ್ಲಿ 30,000 ವೋಲ್ಟಿನ ಆಸುಪಾಸಿನ ಒತ್ತಡ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಅದಾದ ಮೇಲೆ, 1905ರಲ್ಲಿ. ಇನ್ನೂರು ಚಿಲ್ಲರೆ ವೋಲ್ಟಿನಲ್ಲಿ ಕಳಿಸಿದ್ದರೆ ಕೋಲಾರ ಮುಟ್ಟುವಷ್ಟರಲ್ಲಿ ಇಡೀ ಕಾವೇರಿಯ ಶಕ್ತಿ ತಂತಿಯಲ್ಲೇ ಬಿಸಿಯಾಗಿ ಮುಗಿದಿರುತ್ತಿತ್ತು.

ಇದನ್ನೆಲ್ಲ ಕಣ್ಣಾರೆ ಕಾಣಬೇಕೆನ್ನುವವರು ಮನೆಯ ಪ್ಲಗ್ಗಿಗಾಗಲಿ ಲೈನಿಗಾಗಲಿ ಕೈ ಹಾಕಬೇಡಿ, ಅದು ಜೀವ ತೆಗೆಯುತ್ತದೆ. 9 ವೋಲ್ಟಿನ ಒಂದು ಬ್ಯಾಟರಿ, ಒಂದು ಮಲ್ಟಿಮೀಟರ್, ಮತ್ತು ಕಂದು, ಕಪ್ಪು, ಕೆಂಪು ಪಟ್ಟೆಯ 1,000 ಓಂ ರೋಧಕಗಳು ಐದೇ ಐದು ಸಾಕು. ಒಂದನ್ನು ಮೊದಲ ತಂತಿಯೆನ್ನಿ. ಎರಡನ್ನು ಸಾಲಾಗಿ ಜೋಡಿಸಿ ಅರಿಸಿನದ ಮೋಟರೆನ್ನಿ. ಉಳಿದ ಎರಡರಲ್ಲಿ ಒಂದು ಎರಡನೆಯ ತಂತಿ, ಇನ್ನೊಂದು ಚೆಂಡುಹೂವಿನ ಮೋಟರು. ಎರಡು ಸುತ್ತಿನ ಲೆಕ್ಕ ಹಾಕಿದರೆ ಕೊನೆಯ ರೋಧಕದ ಮೇಲೆ 2.25 ವೋಲ್ಟ್ ಇರಬೇಕು. ಅರಿಸಿನದ ಜೋಡಿಯನ್ನು ಕಿತ್ತರೆ ಅದು 3 ವೋಲ್ಟಿಗೆ ಏರಬೇಕು. ರೋಧಕದ ಚಿನ್ನದ ಪಟ್ಟೆ ಶೇ. 5ರಷ್ಟು ಹೆಚ್ಚುಕಡಿಮೆಯನ್ನು ಸೂಚಿಸುವುದರಿಂದ ಮೀಟರಿನ ಅಂಕಿ ಕೊಂಚ ಆಚೀಚೆ ಆದೀತು. ಆದರೆ ಕಾಗದದಲ್ಲಿ ಬರೆದದ್ದನ್ನು ಮೀಟರು ಒಪ್ಪಿಕೊಳ್ಳುವ ಆ ಗಳಿಗೆ ಇದೆಯಲ್ಲ, ಒಂಬತ್ತನೇ ತರಗತಿಯ ಮಗುವಾಗಲಿ ಅರವತ್ತರ ಹಿರಿಯರಾಗಲಿ ಅದನ್ನು ಒಮ್ಮೆಯಾದರೂ ಕಾಣಬೇಕು.

ಇಷ್ಟು ಹೊತ್ತೂ ಕರೆಂಟು ಟಿಸಿಯಿಂದ ಹೊಲದ ಕಡೆಗೇ ಹರಿಯಿತು. ಅದೂ ಬದಲಾಗುವ ಕಾಲ ಬಂದಿದೆ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸೂರ್ಯ ರೈತ ಯೋಜನೆಯಡಿ ರೈತರು ಸೋಲಾರ್ ಪಂಪಿನಲ್ಲಿ ಉಳಿದ ಕರೆಂಟನ್ನು ಲೈನಿಗೇ ಕೊಟ್ಟರು. ದೇಶದ ಮಟ್ಟದಲ್ಲಿ 2019ರಲ್ಲಿ ಬಂದ ಪಿಎಂ-ಕುಸುಮ್ ಯೋಜನೆಯಲ್ಲೂ ಲೈನಿಗೆ ಜೋಡಿಸಿದ ಪಂಪ್‌ಸೆಟ್ಟುಗಳಿಗೆ ಸೋಲಾರ್ ಅಳವಡಿಸುವ ಭಾಗವಿದೆ. ನಮ್ಮ ಚೆಂಡುಹೂವಿನ ಹೊಲದ ಅಂಚಿನಲ್ಲೂ ಪ್ಯಾನೆಲ್ಲುಗಳು ನಿಂತು, ಮೋಟರು ಓಡಿಸದ ಮಧ್ಯಾಹ್ನದಲ್ಲಿ 10 ಆಂಪಿಯರನ್ನು ಲೈನಿಗೆ ತಳ್ಳುತ್ತಿವೆ ಎಂದುಕೊಳ್ಳಿ. ಅರಿಸಿನದ ಮೋಟರು ಓಡುತ್ತಿದೆ. ಅದಕ್ಕೆ ಸಿಗುವ ವೋಲ್ಟೇಜನ್ನು ಗ ಎನ್ನೋಣ. ಟಿಸಿಯ ಕಡೆಯಿಂದ ಬರುವುದು (220 − ಗ) ಆಂಪಿಯರ್, ಚೆಂಡುಹೂವಿನ ಕಡೆಯಿಂದ 10, ಎರಡೂ ಸೇರಿ ಮೋಟರಿಗೆ ಗ ಭಾಗಿಸು 20. ಬಿಡಿಸಿದರೆ ಗ = 219 ವೋಲ್ಟ್. ಅರಿಸಿನದವರ ಮೋಟರಿಗೆ ಹಿಂದೆಂದೂ ಸಿಗದಷ್ಟು ವೋಲ್ಟೇಜು, ಟಿಸಿ ಕೊಡುವುದು 1 ಆಂಪಿಯರಿಗಿಂತಲೂ ಕಡಿಮೆ. ಎರಡನೆಯ ತಂತಿಯಲ್ಲಿ ಕರೆಂಟು ಹಿಂದುಮುಂದಾಗಿದೆ, ಅಲ್ಲಿನ 10 ವೋಲ್ಟಿನ ಇಳಿಜಾರೂ ತಿರುಗಿ ನಿಂತಿದೆ. ಹಾಗಾಗಿ ಲೈನಿನ ಕಟ್ಟಕಡೆಯ ಹೊಲದಲ್ಲಿ, ಲೋ ವೋಲ್ಟೇಜಿನಿಂದ ಎಲ್ಲರಿಗಿಂತ ಹೆಚ್ಚು ಬವಣೆ ಪಟ್ಟ ಆ ತುದಿಯಲ್ಲಿ, ಈಗ 229 ವೋಲ್ಟ್. ಟಿಸಿಯ ಬಾಯಲ್ಲಿರುವುದಕ್ಕಿಂತ ಒಂಬತ್ತು ಹೆಚ್ಚು!